ತಹಷ್ ತೊಗಲಿನ ತನಿಖೆ

ಖಾಲಿ ಬಿಟ್ಟ ಕಾಲಂ ಕಂಡರೆ ನನ್ನ ಕೈ ತುರಿಸುತ್ತದೆ. ಇದೊಂದು ಒಳ್ಳೆಯ ಗುಣ ಎಂದು ನಾನು ಬಹಳ ಕಾಲ ನಂಬಿದ್ದೆ. ಬ್ಯಾಂಕಿನ ಅರ್ಜಿಯಲ್ಲಿ ‘ಇದ್ದಲ್ಲಿ ಮಾತ್ರ ತುಂಬಿ’ ಎಂದು ಸ್ಪಷ್ಟವಾಗಿ ಅಚ್ಚಾಗಿರುವ ಜಾಗದಲ್ಲೂ ‘ಇಲ್ಲ’ ಎಂದು ದುಂಡಗೆ ಬರೆದರೇ ನನಗೆ ಸಮಾಧಾನ. ಒಮ್ಮೆ ಚೆನ್ನೈನ ಅಡ್ಯಾರಿನ ಒಂದು ಲ್ಯಾಬಿನಲ್ಲಿ ಎಕ್ಸ್‌ರೇ ತೆಗೆಸುವ ಮುಂಚೆ ಫಾರಂ ಒಂದನ್ನು ಕೈಗಿತ್ತರು. ಅದರಲ್ಲಿ ‘ಗರ್ಭಿಣಿಯೇ?’ ಎಂಬ ಕಾಲಂ ಇತ್ತು. ನಾನು ‘ಇಲ್ಲ’ ಎಂದು ಬರೆದು ಪಕ್ಕದಲ್ಲಿ ಚಿಕ್ಕ ಸಹಿಯನ್ನೂ ಹಾಕಿದೆ. ಕೌಂಟರಿನ ಹುಡುಗಿ ಅದನ್ನು ಓದಿ, ಒಳಗೆ ಹೋಗಿ ಇನ್ನಿಬ್ಬರನ್ನು ಕರೆತಂದು ನನ್ನನ್ನು ತೋರಿಸಿದಳು. ಹೆಂಡತಿ ಸುಗುಣ ಅಂದಿನಿಂದ ನನ್ನ ಜೊತೆ ಲ್ಯಾಬಿಗೆ ಬರುವುದನ್ನು ಬಿಟ್ಟಿದ್ದಾಳೆ.

ಇದಕ್ಕೆಲ್ಲ ನನ್ನನ್ನು ಬೆಳೆಸಿದ ರೀತಿಯೇ ಕಾರಣ. ನಮ್ಮಪ್ಪ ತುಮಕೂರಿನ ಕಡೆ ಒಂದು ಮಿಷನ್ ಶಾಲೆಯ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದರು. ಏಳುವುದಕ್ಕೆ ಒಂದು ಗಂಟೆ, ಹಲ್ಲುಜ್ಜುವುದಕ್ಕೆ ಒಂದು ಗಂಟೆ, ಪ್ರಾರ್ಥನೆಗೆ ಒಂದು, ಊಟಕ್ಕೆ ಒಂದು, ಊಟ ನಿಲ್ಲಿಸುವುದಕ್ಕೆ ಇನ್ನೊಂದು. ಮನೆಯೂ ಹಾಸ್ಟೆಲಿನ ಆವರಣದಲ್ಲೇ ಇದ್ದುದರಿಂದ ರಜೆಯಲ್ಲಿ ಮಕ್ಕಳೆಲ್ಲ ಊರಿಗೆ ಹೋದ ಮೇಲೂ ಅಪ್ಪ ನನ್ನೊಬ್ಬನಿಗೋಸ್ಕರ ಗಂಟೆ ಬಾರಿಸುತ್ತಿದ್ದರು. ಈಗಲೂ ನಾನು ನಾಲ್ಕು ಐವತ್ತಕ್ಕೆ ಏಳುತ್ತೇನೆ, ಐದು ಹತ್ತಕ್ಕೆ ಕಾಫಿ, ಐದೂವರೆಗೆ ನಡಿಗೆ. ನಡುವೆ ಹತ್ತು ನಿಮಿಷ ಖಾಲಿ ಉಳಿಯುತ್ತದೆ. ಆ ಹತ್ತು ನಿಮಿಷದಲ್ಲಿ ಮನೆಯ ಚಪ್ಪಲಿಗಳನ್ನೆಲ್ಲ ಬಾಗಿಲಿನತ್ತ ಮುಖ ಮಾಡಿ ಜೋಡಿಸುತ್ತೇನೆ. ಸೊಸೆ ನಾಗರಕೋಯಿಲಿನವಳು, ಮಾತು ಕಡಿಮೆ. ಆದರೂ ಒಂದು ದಿನ ಅವಳು ತನ್ನ ಗಂಡನ ಹತ್ತಿರ, ಮಾವ ತನ್ನನ್ನು ದಿನಾ ಬೆಳಿಗ್ಗೆ ಮನೆಯಿಂದ ಹೊರಗೆ ಹೋಗು ಅನ್ನುತ್ತಿದ್ದಾರೋ ಹೇಗೆ ಎಂದು ಕೇಳಿದಳಂತೆ.

ಇಂಥವನಿಗೆ ಸಿಕ್ಕ ಕೆಲಸವೂ ಇಂಥದೇ. ವಿದೇಶಕ್ಕೆ ಹೋಗುವ ಚರ್ಮಗಳ ದರ್ಜೆ ಗೊತ್ತುಮಾಡುವ ಸರಕಾರಿ ಕಚೇರಿಯಲ್ಲಿ ನಾನು ಮೂವತ್ಮೂರು ವರ್ಷ ಇನ್ಸ್‌ಪೆಕ್ಟರ್ ಆಗಿದ್ದೆ. ಚೆನ್ನೈಗೆ ಬಂದದ್ದೂ ಆ ಕೆಲಸಕ್ಕೇ. ನಮ್ಮ ಫಾರಮ್ಮಿನಲ್ಲಿ ನಾಲ್ಕು ಕಾಲಂ: ಪ್ರಾಣಿ, ಹದ, ದೋಷ, ದರ್ಜೆ. ಮೇಕೆಯ ಚರ್ಮದಲ್ಲಿ ಕೂದಲಿನ ರಂಧ್ರಗಳು ಗುಂಪುಗುಂಪಾಗಿ ಕುಳಿತಿರುತ್ತವೆ, ಹರಟೆಗೆ ಸೇರಿದವರ ಹಾಗೆ. ಹಸುವಿನದರಲ್ಲಿ ಸಮನಾಗಿ ಹರಡಿಕೊಂಡಿರುತ್ತವೆ. ಕುರಿಯದು ಮೆತ್ತಗೆ, ಸ್ವಲ್ಪ ಸಡಿಲ. ಎಮ್ಮೆಯದನ್ನು ಕಣ್ಣುಮುಚ್ಚಿ ಹೇಳಬಹುದು. ಕಣ್ಣು ಮೋಸ ಮಾಡಿದರೆ ಬೆರಳಿದೆ, ಬೆರಳು ಮೋಸ ಮಾಡಿದರೆ ಮೂಗಿದೆ, ಎಲ್ಲವೂ ಕೈಕೊಟ್ಟರೆ ಒಂದು ತೊಟ್ಟು ನೀರಿದೆ. ನಿಜವಾದ ಚರ್ಮ ನೀರು ಕುಡಿಯುತ್ತದೆ, ರೆಕ್ಸಿನ್ ಕುಡಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಹೆಂಡಿರನ್ನು ಸಿನೆಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರೆ ನಾನು ಸುಗುಣಳನ್ನು ಎದುರಿಗೆ ಕೂರಿಸಿಕೊಂಡು, ಅವಳ ತವರಿನವರು ಕೊಟ್ಟ ಚಪ್ಪಲಿಯ ಮೇಲೆ ಬೆರಳಿನಿಂದ ನೀರು ಚಿಮುಕಿಸಿ ಈ ಪಾಠ ಹೇಳಿದ್ದೆ. ಚಪ್ಪಲಿ ನೀರು ಕುಡಿಯಲಿಲ್ಲ. ಆ ಸಂಗತಿಯನ್ನು ನಾನು ಅವಳ ತಂದೆಗೆ ಪತ್ರ ಬರೆದೂ ತಿಳಿಸಿದೆ. ಆ ವಯಸ್ಸಿನಲ್ಲಿ ಸತ್ಯ ಹೇಳುವುದರಲ್ಲಿ ಒಂದು ಖುಷಿ ಇರುತ್ತದೆ. ಒಟ್ಟಿನಲ್ಲಿ ಹೇಳಬೇಕಾದದ್ದು ಇಷ್ಟೆ: ಮೂವತ್ಮೂರು ವರ್ಷದಲ್ಲಿ ‘ಪ್ರಾಣಿ’ ಎಂಬ ಕಾಲಮ್ಮನ್ನು ನಾನು ಒಂದು ದಿನವೂ ಖಾಲಿ ಬಿಟ್ಟವನಲ್ಲ, ‘ಗೊತ್ತಿಲ್ಲ’ ಎಂದು ಬರೆದವನೂ ಅಲ್ಲ. ಬೀಳ್ಕೊಡುಗೆಯ ದಿನ ಮೇಲಧಿಕಾರಿ ಇದನ್ನೇ ಭಾಷಣದಲ್ಲಿ ಎತ್ತಿ ಹೇಳಿದರು. ಸಹೋದ್ಯೋಗಿಗಳಾದ ಐವರು ಇನ್ಸ್‌ಪೆಕ್ಟರುಗಳು ಸೇರಿ ಒಂದು ಕಂದು ಬಣ್ಣದ ಚರ್ಮದ ಬ್ಯಾಗನ್ನು ಉಡುಗೊರೆಯಾಗಿ ಕೊಟ್ಟರು. ನಾನು ಅತ್ತುಬಿಟ್ಟೆ ಎಂದು ಸುಗುಣ ಹೇಳುತ್ತಾಳೆ. ಕಣ್ಣಿಗೆ ಏನೋ ಬಿದ್ದಿತ್ತು. ಆ ಬ್ಯಾಗನ್ನು ನಾನು ಉಪಯೋಗಿಸಲಿಲ್ಲ. ಅಂಥದನ್ನು ಹಿಡಿದು ತರಕಾರಿ ತರಲು ಆಗುತ್ತದೆಯೇ? ನುಸಿಗುಳಿಗೆ ಹಾಕಿ, ಬಟ್ಟೆಯ ಚೀಲದಲ್ಲಿ ಸುತ್ತಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟೆ. ವರ್ಷಕ್ಕೊಮ್ಮೆ, ನಿವೃತ್ತನಾದ ದಿನ, ಹೊರಗೆ ತೆಗೆದು ನೆರಳಲ್ಲಿ ಒಂದು ಗಂಟೆ ಗಾಳಿಗಿಟ್ಟು, ಚರ್ಮಕ್ಕೆ ಹಚ್ಚುವ ಕ್ರೀಮನ್ನು ಮೆತ್ತನೆ ಬಟ್ಟೆಯಲ್ಲಿ ಸವರಿ, ಮತ್ತೆ ಸುತ್ತಿ ಇಡುತ್ತಿದ್ದೆ. ಹೀಗೆ ಎಂಟು ವರ್ಷ.

ಎಂಟನೆಯ ವರ್ಷ ನಮ್ಮ ಚರ್ಚಿನಲ್ಲಿ ಮಕ್ಕಳ ವಸ್ತುಪ್ರದರ್ಶನ ಬಂತು. ನಮ್ಮ ಚರ್ಚು ಎಂದರೆ ನಮ್ಮದಲ್ಲ. ತಮಿಳು ಸಭೆಯವರು ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಮೂರಕ್ಕೆ, ಫ್ಯಾನು ತಿರುಗಿಸಿಕೊಳ್ಳುವ ಅನುಮತಿಯ ಸಮೇತ, ನಮಗೆ ಬಿಟ್ಟುಕೊಡುವ ಕಟ್ಟಡ. ರೈಲ್ವೆ, ಬ್ಯಾಂಕು, ವಿಮೆ ಎಂದು ಬಂದು ಇಲ್ಲೇ ಉಳಿದ ಹತ್ತಿಪ್ಪತ್ತು ಕನ್ನಡ ಕುಟುಂಬಗಳು ಅಲ್ಲಿ ಸೇರಿ ಕನ್ನಡದಲ್ಲಿ ಹಾಡಿ, ಹೊರಗೆ ಬಂದು ತಮಿಳಿನಲ್ಲಿ ಆಟೋ ಚೌಕಾಸಿ ಮಾಡುತ್ತೇವೆ. ಮೊಮ್ಮಗಳು ಜೆಸ್ಸಿಗೆ ಆಗ ಹನ್ನೊಂದು ವರ್ಷ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ, ಕೋಪ ಬಂದರೆ ಇಂಗ್ಲಿಷಿನಲ್ಲಿ. ಮೋಶೆಯ ಕಾಲದಲ್ಲಿ ಅರಣ್ಯದಲ್ಲಿ ನಿಲ್ಲಿಸಿದ ದೇವದರ್ಶನದ ಗುಡಾರದ ಮಾದರಿ ಮಾಡಬೇಕು, ತಾತ ಸಹಾಯ ಮಾಡಬೇಕು ಎಂದು ಅವಳು ಬಂದು ನಿಂತಾಗ ನಾನೊಂದು ಷರತ್ತು ಹಾಕಿದೆ. ಮಾದರಿ ನಾನು ಮಾಡಿಕೊಡುತ್ತೇನೆ, ಅದರ ಪಕ್ಕದಲ್ಲಿ ನಿಂತು ವಿವರಣೆಯನ್ನು ನೀನು ಕನ್ನಡದಲ್ಲಿ ಹೇಳಬೇಕು, ತಮಿಳು ಸಭೆಯವರೂ ಇರುತ್ತಾರೆ, ಇರಲಿ. ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಕೊನೆಗೆ ಅವಳೂ ಒಂದು ಷರತ್ತು ಹಾಕಿದಳು.

“ಸರಿ ತಾತಾ. ಆದ್ರೆ ಎಲ್ಲಾ ಕರೆಕ್ಟಾ ಇರ್ಬೇಕು. ಹೋದ ವರ್ಷ ನಾನ್ ಕನ್ನಡ ಓದ್ದಾಗ ಎಲ್ಲರೂ ಸಿರಿಚ್ಚಾಂಗ.”

ಹೋದ ವರ್ಷ ಅವಳು ‘ಹಾಲು’ ಎನ್ನುವಲ್ಲಿ ‘ಆಳು’ ಎಂದು ಓದಿ, ಹಾಲೂ ಜೇನೂ ಹರಿಯುವ ದೇಶದಲ್ಲಿ ಆಳುಗಳು ಹರಿದಿದ್ದರು. ನಕ್ಕವರಲ್ಲಿ ನಾನೂ ಒಬ್ಬ. ಹಾಗಾಗಿ ಎಲ್ಲವೂ ಸರಿಯಾಗಿರುತ್ತದೆ, ಪ್ರತಿಯೊಂದಕ್ಕೂ ಚೀಟಿ ಇರುತ್ತದೆ, ಚೀಟಿಯಲ್ಲಿ ಒಂದು ಕಾಲಮ್ಮೂ ಖಾಲಿ ಇರುವುದಿಲ್ಲ ಎಂದು ಮಾತು ಕೊಟ್ಟೆ.

ಒಂದು ಮೊಳಕ್ಕೆ ಒಂದು ಸೆಂಟಿಮೀಟರ್ ಎಂದು ಗೊತ್ತುಮಾಡಿಕೊಂಡೆ. ಮೂವತ್ತು ಮೊಳ ಉದ್ದದ ಗುಡಾರ ನನ್ನ ಆಫೀಸಿನ ಸ್ಟೀಲ್ ಸ್ಕೇಲಿನಷ್ಟೇ ಆಯಿತು. ಚೌಕಟ್ಟನ್ನು ಪ್ಲೈವುಡ್ಡಿನಲ್ಲಿ ಎರಡೇ ದಿನಕ್ಕೆ ಮುಗಿಸಿದೆ. ಉಳಿದದ್ದು ಅದರ ಮೇಲಿನ ನಾಲ್ಕು ಹೊದಿಕೆ. ಮೊದಲನೆಯದು ನಾರುಬಟ್ಟೆ, ಅದು ನನ್ನ ಹಳೆಯ ಅಂಗಿಯಿಂದ ಬಂತು. ಎರಡನೆಯದು ಮೇಕೆಯ ಕೂದಲಿನದು, ಅದಕ್ಕೆ ಹಳೆಯ ಕಂಬಳಿಯ ತುದಿ ಸಿಕ್ಕಿತು. ಮೂರನೆಯದು ಕೆಂಪು ಬಣ್ಣ ಹಾಕಿದ ಟಗರಿನ ತೊಗಲು. ಪೆರಿಯಮೇಟಿನ ಚರ್ಮದ ಅಂಗಡಿಗಳಲ್ಲಿ ಬೇಕಾದಷ್ಟು. ನಾಲ್ಕನೆಯದಕ್ಕೆ ಬಂದಾಗ ನಮ್ಮ ಮನೆಯ ಹಳೆಯ ಕನ್ನಡ ಸತ್ಯವೇದ ‘ಕಡಲುಹಂದಿ’ ಎಂದಿತು. ನಾನು ಚೀಟಿಯಲ್ಲಿ ಕಡಲುಹಂದಿ ಎಂದು ಬರೆದು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ, ತನ್ನ ಅಮ್ಮನ ತಮಿಳು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಜೆಸ್ಸಿ, ಇಲ್ಲಿ ಬೇರೆ ಇದೆಯಲ್ಲ ಎಂದಳು. ತಮಿಳಿನಲ್ಲಿ ಇದ್ದದ್ದು ‘ತಕಸು’. ತಕಸು ಎಂದರೆ ಏನು ಎಂದು ಸೊಸೆಯನ್ನು ಕೇಳಿದೆ. ಚಿಕ್ಕಂದಿನಿಂದ ಓದುತ್ತಿದ್ದೇನೆ, ಏನು ಎಂದು ಯಾರೂ ಕೇಳಿರಲಿಲ್ಲ ಮಾಮಾ, ಎಂದಳು. ಹಳೆಯ ಇಂಗ್ಲಿಷ್ ಪ್ರತಿಯಲ್ಲಿ ಬ್ಯಾಡ್ಜರ್ ಎಂಬ ಬಿಲ ತೋಡುವ ಪ್ರಾಣಿ ಇತ್ತು. ಇನ್ನೊಂದರಲ್ಲಿ ಮೇಕೆ. ಮತ್ತೊಂದರಲ್ಲಿ ಪ್ರಾಣಿಯ ಗೊಡವೆಯೇ ಬೇಡವೆಂದು ಬರೀ ‘ಹಸನಾದ ತೊಗಲು’. ಒಂದೇ ಗುಡಾರ, ಒಂದೇ ಹೊದಿಕೆ, ಪ್ರತಿ ಭಾಷೆಗೂ ಬೇರೆ ಪ್ರಾಣಿ. ನಮ್ಮ ಕಚೇರಿಯಲ್ಲಿ ಚರ್ಮದ ಒಂದು ಲಾಟಿಗೆ ಹೀಗೆ ನಾಲ್ಕು ವರದಿ ಬಂದಿದ್ದರೆ ನಾಲ್ವರಿಗೂ ಮೆಮೋ ಹೋಗುತ್ತಿತ್ತು.

ಪ್ರದರ್ಶನಕ್ಕೆ ಹತ್ತು ದಿನ ಇತ್ತು. ನಾನು ತನಿಖೆ ಶುರುಮಾಡಿದೆ.

ಮೊದಲು ಹೋದದ್ದು ಪೆರಿಯಮೇಟಿಗೆ, ಕಾದರ್ ಭಾಯಿಯ ಅಂಗಡಿಗೆ. ಆಂಬೂರಿನ ಕಡೆಯ ವ್ಯಾಪಾರಿ, ಸೇವೆಯ ಕಾಲದಲ್ಲಿ ಅವರ ಎಷ್ಟೋ ಲಾಟುಗಳನ್ನು ನಾನು ಒಂದೊಂದು ತೂತಿಗಾಗಿ ಹಿಂದಕ್ಕೆ ಕಳಿಸಿದ್ದೇನೆ. ಆದರೂ ಪ್ರೀತಿಯ ಮನುಷ್ಯ. ಕೆಂಪು ಟಗರಿನ ತೊಗಲು ಕ್ಷಣದಲ್ಲಿ ಸಿಕ್ಕಿತು. ಆಮೇಲೆ ನಾನು ಇನ್ನೊಂದು ತೊಗಲು ಬೇಕು, ಅಪರೂಪದ್ದು, ಎಂದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, “ಇನ್ಸ್‌ಪೆಕ್ಟರ್ ಸಾರ್, ಪೇರು ಸೊಲ್ಲುಂಗ, ತೋಲು ನಾನ್ ತರೇನ್” ಎಂದರು. ಹೆಸರು ಹೇಳಿದರೆ ಸಾಕು, ತೊಗಲು ಅವರು ತರುತ್ತಾರಂತೆ; ನನ್ನ ಹತ್ತಿರ ಇದ್ದದ್ದು ತಕಸು ಎಂಬ ಹೆಸರೊಂದೇ. ಪ್ರಾಣಿ ಯಾವುದು ಗೊತ್ತಿಲ್ಲ ಎಂದು ಹೇಳಬೇಕಾಯಿತು. ಆ ಮಾತು ನನ್ನ ಬಾಯಿಂದ ಆ ಅಂಗಡಿಯಲ್ಲಿ ಹೊರಟದ್ದು ಅದೇ ಮೊದಲು. ಕಾದರ್ ಭಾಯಿ ಒಳಗಿದ್ದ ತಮ್ಮನನ್ನು ಕರೆದು, ಬಾ, ಸಾರ್ ಏನು ಕೇಳುತ್ತಿದ್ದಾರೆ ನೋಡು, ಎಂದು ಇನ್ನೊಂದು ಸಲ ಹೇಳಿಸಿದರು. ಆಮೇಲೆ ಸಮಾಧಾನ ಮಾಡುತ್ತ, ಪ್ರಾಣಿಯ ಚಿಂತೆ ಯಾಕೆ, ಮೇಕೆಯ ಚರ್ಮದ ಮೇಲೆ ಅಚ್ಚೊತ್ತಿ ಮೊಸಳೆ ಬೇಕೆಂದರೆ ಮೊಸಳೆ, ಹಾವು ಬೇಕೆಂದರೆ ಹಾವು ಮಾಡಿಕೊಡುತ್ತೇನೆ, ನೀವು ಚಿತ್ರ ತಂದುಕೊಡಿ ಎಂದರು. ದೇವರ ಗುಡಾರಕ್ಕೆ ವೇಷ ಹಾಕಿದ ಮೇಕೆಯೇ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿ ಎದ್ದು ಬಂದೆ.

ಕನ್ನಡದ ಕಡಲುಹಂದಿಯನ್ನಾದರೂ ಇತ್ಯರ್ಥ ಮಾಡಿಬಿಡೋಣ ಎಂದು ಮರುದಿನ ಮೊದಲ ಬಸ್ಸಿಗೆ ಬ್ರಾಡ್‌ವೇ, ಅಲ್ಲಿಂದ ಕಾಸಿಮೇಡಿನ ಮೀನುಗಾರರ ಬಂದರಿಗೆ ಹೋದೆ. ಐದು ಹತ್ತರ ಕಾಫಿ ಬಿಟ್ಟು ಹೊರಟದ್ದು ನಿವೃತ್ತಿಯ ನಂತರ ಅದೊಂದೇ ದಿನ. ಸುಗುಣ ಬಾಗಿಲಲ್ಲಿ ನಿಂತು ಮೈ ಮುಟ್ಟಿ ಜ್ವರ ನೋಡಿದಳು. ಮೀನಿನ ಹರಾಜು ಜೋರಾಗಿ ನಡೆದಿತ್ತು. ಇಸ್ತ್ರಿಯ ಬಿಳಿ ಅಂಗಿ, ಕೈಯಲ್ಲಿ ಡೈರಿ, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡು ಕಡಲ್ ಪನ್ನಿಯ ತೋಲು ಹೇಗಿರುತ್ತದೆ ಎಂದು ಕೇಳುವವನನ್ನು ಅಲ್ಲಿ ಯಾರೂ ನೋಡಿರಲಿಲ್ಲ ಎಂದು ಕಾಣುತ್ತದೆ. ಬಲೆ ಮಡಚುತ್ತಿದ್ದ ಒಬ್ಬ, ಅದು ದೋಣಿಯ ಪಕ್ಕ ನೆಗೆಯುತ್ತ ಬರುವ ಪ್ರಾಣಿ ಎಂದ. ಇನ್ನೊಬ್ಬ, ಅದಲ್ಲ, ತಳದಲ್ಲಿ ಹುಲ್ಲು ಮೇಯುವುದು ಎಂದ. ಮೊದಲನೆಯವನು ಎರಡನೆಯವನ ಅಪ್ಪನನ್ನು ಮಾತಿಗೆ ತಂದ. ಬೈಬಲಿನ ಮೂಲದ ಒಂದು ಹೀಬ್ರೂ ಪದದ ಅರ್ಥಕ್ಕಾಗಿ ಕಾಸಿಮೇಡಿನಲ್ಲಿ ಹೊಡೆದಾಟವಾಗುವ ಹಂತಕ್ಕೆ ಬಂದಾಗ, ಸಂಕರೆ ಮೀನಿನ ಬುಟ್ಟಿಯ ಮುಂದೆ ಕೂತಿದ್ದ ಒಬ್ಬ ಹೆಂಗಸು ನನ್ನನ್ನು ಹತ್ತಿರ ಕರೆದು ಮೇಲಿಂದ ಕೆಳಗೆ ನೋಡಿದಳು. ಫಾರೆಸ್ಟ್ ಇಲಾಖೆಯವನೋ ಎಂದು ಕೇಳಿದಳು. ಅಲ್ಲ, ಚರ್ಚಿನವನು ಎಂದೆ. ಆಗ ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

“ಅದು ಮರಿಕ್ಕು ಪಾಲ್ ಕೊಡುಕ್ಕಿರ ಜೀವಂ ಅಯ್ಯಾ. ವಲೈಲ ಬಿದ್ರೆ ಕುಂಬಿಟ್ಟು ವಿಟ್ಟುಡುವೋಂ. ಅದರ ತೋಲು ಸಾಮಿಗೆ ಯಾಕೆ?”

ನನ್ನ ತುಮಕೂರು ತಮಿಳು ಕೇಳಿ ಅವಳು ಕೊನೆಯ ಮಾತನ್ನು ಕನ್ನಡದಲ್ಲೇ ಹೇಳಿದಳು; ಹೊಸೂರಿನ ಕಡೆಯ ಸಂಬಂಧವಂತೆ. ಮರಿಗೆ ಹಾಲು ಕೊಡುವ, ಬಲೆಗೆ ಬಿದ್ದರೆ ಕೈಮುಗಿದು ಬಿಟ್ಟುಬಿಡುವ ಪ್ರಾಣಿ. ನನ್ನ ಡೈರಿಯಲ್ಲಿ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೋ ತಿಳಿಯಲಿಲ್ಲ. ಅರ್ಧ ಕೆಜಿ ಸಂಕರೆ ಕೊಂಡು ಮನೆಗೆ ಬಂದೆ. ತನಿಖೆಯಿಂದ ಮನೆಗೆ ಆದ ಲಾಭ ಅದೊಂದೇ ಎಂದು ಸುಗುಣ ಆಮೇಲೆ ಬಂದವರಿಗೆಲ್ಲ ಹೇಳಿದಳು.

ಉಳಿದದ್ದು ನಮ್ಮ ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿ. ಆಗ ತಾನೆ ಬೆಂಗಳೂರಿನಲ್ಲಿ ದೈವಜ್ಞಾನದ ಓದು ಮುಗಿಸಿ ಬಂದಿದ್ದ ಹುಡುಗ. ನಾನು ಅಯ್ಯನವರೇ ಎಂದರೆ ಅವರು ಅಂಕಲ್ ಎನ್ನುತ್ತಿದ್ದರು. ಹೀಬ್ರೂ ಭಾಷೆಯನ್ನು ಎರಡು ವರ್ಷ ಕಲಿತಿದ್ದರು, ಕಲಿತ ಮೇಲೆ ಅದರ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಾನು ಫೋನಿನಲ್ಲಿ ಕೇಳಿದೊಡನೆ, ನೀವು ಬರಬೇಡಿ, ನಾನೇ ಬರುತ್ತೇನೆ ಎಂದು ಮೂರು ದಪ್ಪ ಪುಸ್ತಕಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಬಂದರು. ಪದ ‘ತಹಷ್’. ತಮಿಳಿನವರ ತಕಸು ಅದೇ ಪದ. ಅರ್ಥ ಗೊತ್ತಾಗದೆ ಹಾಗೆಯೇ ಎತ್ತಿ ಇಟ್ಟಿದ್ದಾರೆ, ಪ್ರಾಮಾಣಿಕರು. ಇಡೀ ಹಳೆಯ ಒಡಂಬಡಿಕೆಯಲ್ಲಿ ಆ ತೊಗಲು ಬರುವುದು ಹದಿನಾಲ್ಕು ಸಲ. ಹದಿಮೂರು ಸಲ ಗುಡಾರಕ್ಕೋ ಅದರ ಸಾಮಾನಿಗೋ ಹೊದಿಸಲು, ಒಂದೇ ಒಂದು ಸಲ ಒಬ್ಬ ಪ್ರವಾದಿಯ ಮಾತಿನಲ್ಲಿ, ಮದುವಣಗಿತ್ತಿಯಂತೆ ಸಿಂಗರಿಸಿದ ಹೆಣ್ಣಿನ ಕಾಲಿಗೆ ಚಪ್ಪಲಿಯಾಗಿ. ಚಪ್ಪಲಿ ಎಂದ ಕೂಡಲೆ ಸುಗುಣ ಅಡುಗೆಮನೆಯಿಂದ ಇಣುಕಿ ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ಅದಲ್ಲದೆ ಅಬ್ರಹಾಮನ ಸೋದರನಿಗೆ ತಹಷ್ ಎಂಬ ಹೆಸರಿನ ಮಗನೊಬ್ಬ ಇದ್ದನಂತೆ. ಅವನನ್ನೊಬ್ಬನನ್ನು ಸುಮ್ಮನೆ ಬಿಟ್ಟುಬಿಡಿ ಎಂದು ಸುಗುಣ ಅಲ್ಲಿಂದಲೇ ಕೇಳಿಕೊಂಡಳು.

ಪ್ರಾಣಿ ಯಾವುದು ಎಂಬುದಕ್ಕೆ ಅಯ್ಯನವರು ಒಂದೊಂದೇ ಪುಸ್ತಕ ತೆರೆದರು. ಕಡಲಲ್ಲಿ ಹುಲ್ಲು ಮೇಯುವ ಪ್ರಾಣಿ ಎಂದು ಕೆಲವರು. ತಹಷ್ ಎಂಬುದು ಆ ಪ್ರಾಣಿಗೆ ಅರಬ್ಬರ ಭಾಷೆಯಲ್ಲಿರುವ ಹೆಸರಿಗೆ ಹತ್ತಿರ ಬರುತ್ತದಂತೆ. ಬ್ಯಾಡ್ಜರ್ ಎಂದವರು ಆ ಮರಳುಗಾಡಿನಲ್ಲಿ ಅಷ್ಟೊಂದು ಬ್ಯಾಡ್ಜರ್ ಎಲ್ಲಿಂದ ಬಂದವು ಎಂದು ಹೇಳಿಲ್ಲ. ಯೆಹೂದಿ ಪಂಡಿತರ ಹಳೆಯ ಮಾತೊಂದು ನನಗೆ ಬಹಳ ಹಿಡಿಸಿತು. ಹಣೆಯಲ್ಲಿ ಒಂದೇ ಕೊಂಬಿದ್ದ, ಮೈತುಂಬ ನಾನಾ ಬಣ್ಣಗಳಿದ್ದ ಆ ಪ್ರಾಣಿ ಗುಡಾರದ ಕೆಲಸಕ್ಕೆಂದೇ ಕಾಣಿಸಿಕೊಂಡು, ಕೆಲಸ ಮುಗಿದ ಮೇಲೆ ಮರೆಯಾಯಿತಂತೆ. ಇದು ನನಗೆ ಕೂಡಲೆ ಅರ್ಥವಾಯಿತು. ಸರಕಾರದಲ್ಲಿ ಒಂದು ಯೋಜನೆಗೆಂದು ತಾತ್ಕಾಲಿಕ ಹುದ್ದೆ ಸೃಷ್ಟಿಸಿ, ಯೋಜನೆ ಮುಗಿದೊಡನೆ ರದ್ದು ಮಾಡುತ್ತಾರಲ್ಲ, ಹಾಗೆ. ಆದರೆ ಕೊನೆಯ ಪುಸ್ತಕ ಎಲ್ಲವನ್ನೂ ಕೆಡಿಸಿತು. ಅದರ ಪ್ರಕಾರ ತಹಷ್ ಎಂಬುದು ಪ್ರಾಣಿಯೇ ಅಲ್ಲದಿರಬಹುದು. ನೆರೆಯ ದೇಶದ ಹಳೆಯ ಭಾಷೆಯಿಂದ ಬಂದ ಪದ, ಒಂದು ಬಗೆಯ ಬಣ್ಣಕ್ಕೋ ಹದಕ್ಕೋ ಅಥವಾ ಮಣಿ ಪೋಣಿಸುವ ಕೆಲಸಕ್ಕೋ ಇದ್ದ ಹೆಸರು.

ಹಾಗಾದರೆ ಕೊನೆಗೆ ಚೀಟಿಯಲ್ಲಿ ಏನು ಬರೆಯಲಿ ಎಂದು ಕೇಳಿದೆ.

“ಗೊತ್ತಿಲ್ಲ ಅಂತ ಬರೀರಿ ಅಂಕಲ್. ದೊಡ್ಡದೊಡ್ಡವರೇ ಹಾಗೆ ಬರೆದಿದ್ದಾರೆ,” ಎಂದರು ಅಯ್ಯನವರು.

ದೊಡ್ಡವರು ಬರೆಯಬಹುದು. ಅವರು ನಮ್ಮ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ಆ ವಾರ ನನಗೆ ಊಟ ಸೇರಲಿಲ್ಲ. ಚೀಟಿಯನ್ನು ಮುಂದಿಟ್ಟುಕೊಂಡು ಕೂರುವುದು, ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಜೆಸ್ಸಿ ದಿನಾ ಶಾಲೆಯಿಂದ ಬಂದು ಪ್ರಾಣಿ ಸಿಕ್ಕಿತೇ ಎಂದು ಕೇಳುತ್ತಿದ್ದಳು. ಮೊದಲ ಮೂರು ಹೊದಿಕೆಯ ವಿವರಣೆಯನ್ನು ಅವಳು ಕನ್ನಡದಲ್ಲಿ ಬಾಯಿಪಾಠ ಮಾಡಿಯಾಗಿತ್ತು. ನಾಲ್ಕನೆಯದಕ್ಕೆ ಬಂದು ನಿಲ್ಲುತ್ತಿದ್ದಳು, ನಾನು ಮುಂದಿನ ವಾಕ್ಯ ಕೊಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ಅವಳ ತರಗತಿಯ ಇಬ್ಬರು ತಮಿಳು ಹುಡುಗಿಯರು ಅವಳನ್ನು ಕೇಳಿಸಿಕೊಳ್ಳಲೆಂದೇ ಬರುವುದಾಗಿ ಹೇಳಿದ್ದರಂತೆ. ಮಾತು ಕೊಟ್ಟವನು ನಾನು, ನಿಲ್ಲಬೇಕಾದವಳು ಅವಳು.

ಶುಕ್ರವಾರ ಸುಗುಣ ಒಂದು ಸಲಹೆ ಕೊಟ್ಟಳು. ಹಳೆಯ ಸೋಫಾದ ರೆಕ್ಸಿನ್ ತುಂಡು ಅಟ್ಟದ ಮೇಲಿದೆ, ಕಪ್ಪಗೆ ಚೆನ್ನಾಗಿದೆ, ಹಾಕಿ ಮುಗಿಸಿ ಎಂದಳು. ನಾನು ರೆಕ್ಸಿನ್ ಕುರಿತು ಅರ್ಧ ಗಂಟೆ ಮಾತಾಡಿದೆ. ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಬಳಿದ ಸುಳ್ಳು. ಚರ್ಮ ನೋಡದವರಿಗಾಗಿ ಮಾಡಿದ ಚರ್ಮ. ನನ್ನ ಮನೆಯಿಂದ ದೇವರ ಗುಡಾರಕ್ಕೆ, ಆಟದ ಗುಡಾರವೇ ಆದರೂ, ಒಂದು ಅಂಗುಲ ರೆಕ್ಸಿನ್ ಹೋದರೆ ನನ್ನ ಮೂವತ್ಮೂರು ವರ್ಷ ನೀರಿಗೆ ಬಿದ್ದಂತೆ. ಜೆಸ್ಸಿ ಎದುರಿಗೇ ಕೂತು ಕೇಳಿಸಿಕೊಂಡಳು. ಸುಗುಣ ಏನೋ ಹೇಳಲು ಹೋದವಳು ಬಾಯಿ ಮುಚ್ಚಿಕೊಂಡು ಬೇಳೆ ಆರಿಸಲು ಕೂತಳು. ಆ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡೆ.

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ನನಗೆ ದಾರಿ ಹೊಳೆಯಿತು. ಪ್ರಾಣಿ ಯಾವುದಾದರೇನು, ಆ ಜನ ಅರಣ್ಯದಲ್ಲಿ ತಮ್ಮ ಹತ್ತಿರವಿದ್ದ ಅತ್ಯುತ್ತಮ ತೊಗಲನ್ನು ತಂದು ಕೊಟ್ಟರು ಎಂಬುದಂತೂ ನಿಜ. ನನ್ನ ಹತ್ತಿರವಿರುವ ಅತ್ಯುತ್ತಮ ತೊಗಲು ಯಾವುದು? ಬೀರುವಿನ ಮೇಲಿನ ಅರೆಯಲ್ಲಿದೆ. ಸ್ಟೂಲು ಹತ್ತಿ ಬ್ಯಾಗನ್ನು ಇಳಿಸಿದೆ. ಬಟ್ಟೆ ಬಿಚ್ಚಿದೆ. ಎಂಟು ವರ್ಷದ ಕ್ರೀಮಿನಿಂದ ಅದು ಫಳಫಳ ಹೊಳೆಯುತ್ತಿತ್ತು. ಸುಗುಣ ಓಡಿಬಂದಳು.

“ಬೇಡ ಕಣ್ರೀ, ಅದನ್ನ ಕತ್ತರಿಸಬೇಡಿ. ನನ್ನ ಮಾತು ಕೇಳಿ, ಅದೊಂದು ಬೇಡ.”

ಉಡುಗೊರೆ ಹಾಳಾಗುತ್ತದೆಂದು ಅವಳಿಗೆ ಸಂಕಟ ಎಂದುಕೊಂಡು ನಾನು ತ್ಯಾಗದ ವಿಷಯ ಎರಡು ಮಾತು ಹೇಳಿದೆ. ಜೆಸ್ಸಿಯನ್ನು ಹತ್ತಿರ ಕರೆದು, ನೋಡು, ಕತ್ತರಿಸಿದ ಅಂಚನ್ನು ನೋಡು, ನಿಜವಾದ ಚರ್ಮ ಎಂದರೆ ಒಳಗೆ ಹೇಗಿರುತ್ತದೆ ತೋರಿಸುತ್ತೇನೆ ಎಂದು ಆಫೀಸಿನ ಕಾಲದ ಚೂರಿಯಿಂದ ಬ್ಯಾಗಿನ ಒಂದು ಬದಿಯನ್ನು ಸ್ಕೇಲಿಟ್ಟು ಮೂವತ್ತು ಸೆಂಟಿಮೀಟರ್ ನೇರವಾಗಿ ಸೀಳಿದೆ.

ಅಂಚಿನಲ್ಲಿ ಬಿಳಿ ದಾರಗಳು ಹೊರಗೆ ಬಂದು ನಿಂತವು. ಅಡ್ಡ ಒಂದು, ಉದ್ದ ಒಂದು, ಒಳ್ಳೆಯ ನೇಯ್ಗೆಯ ಬಟ್ಟೆ. ಅದರ ಮೇಲೆ ತೆಳ್ಳಗೆ ಕಂದು ಬಣ್ಣ.

“ತಾತಾ, ಇದು ಬಟ್ಟೆ ಮೇಲೆ ಬಳಿದ ಸುಳ್ಳು ತಾನೇ?” ಎಂದಳು ಜೆಸ್ಸಿ. ಕನ್ನಡದಲ್ಲೇ ಹೇಳಿದಳು, ಒಂದಕ್ಷರ ತಪ್ಪಿಲ್ಲದೆ. ಪಾಠ ಚೆನ್ನಾಗಿ ಹತ್ತಿತ್ತು.

ಐವರು ಇನ್ಸ್‌ಪೆಕ್ಟರುಗಳು ಕೊಂಡು ತಂದದ್ದು. ಉಳಿದ ನಾಲ್ವರು ನೋಡಿರುತ್ತಾರೆ ಎಂದು ಪ್ರತಿಯೊಬ್ಬನೂ ನಂಬಿರಬೇಕು. ಐವರೂ ನೋಡಿರುತ್ತಾರೆ ಎಂದು ನಾನು ನಂಬಿದೆ. ಉಡುಗೊರೆಯನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ? ಮಾವನವರು ಕೊಡಿಸಿದ ಚಪ್ಪಲಿ ನೆನಪಿಗೆ ಬಂದು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆ. ನಿನಗೆ ಮೊದಲೇ ಗೊತ್ತಿತ್ತೇ ಎಂದು ಸುಗುಣಳನ್ನು ಕೇಳಿದೆ. ಬ್ಯಾಗು ಬಂದ ವಾರವೇ ಧೂಳು ಒರೆಸಲು ಒದ್ದೆ ಬಟ್ಟೆ ತಾಕಿಸಿದಳಂತೆ. ನೀರು ಹನಿಹನಿಯಾಗಿ ಮೇಲೆಯೇ ಕೂತು, ಆಮೇಲೆ ಜಾರಿ ಹೋಯಿತಂತೆ.

“ಚರ್ಮ ಆಗಿದ್ರೆ ಕುಡೀತಿತ್ತು. ನೀವೇ ಹೇಳಿಕೊಟ್ಟಿದ್ದಲ್ವಾ?” ಎಂದಳು. ಬ್ಯಾಗನ್ನು ತನ್ನತ್ತ ಎಳೆದುಕೊಂಡು, “ವರ್ಷಕ್ಕೊಂದು ದಿನ ಅಷ್ಟು ಖುಷಿಯಾಗಿ ಕ್ರೀಮ್ ಹಚ್ತಿದ್ರಿ. ಹೇಳೋಕೆ ಮನಸ್ಸು ಬರಲಿಲ್ಲ.”

ಸಂಜೆ ಐದಕ್ಕೆ ನಾನು ಎದ್ದೆ. ಗುಡಾರಕ್ಕೆ ನಾಲ್ಕನೆಯ ಹೊದಿಕೆ ಬೇಕೇ ಬೇಕಿತ್ತು, ಅಂಗಡಿಗೆ ಹೋಗಿ ಬರುವ ಹೊತ್ತು ಮೀರಿತ್ತು, ಕತ್ತರಿಸಿದ ಅಳತೆಯೂ ಸರಿಯಾಗಿತ್ತು. ಆ ಬದಿಯನ್ನು ಪೂರ್ತಿ ಬಿಡಿಸಿ ಹೊದಿಸಿದೆ. ಬಿಳಿ ದಾರಗಳನ್ನು ಒಳಕ್ಕೆ ಮಡಚಿ ಅಂಟಿಸಿದೆ. ಒಂದು ಪುಸ್ತಕದ ಪ್ರಕಾರ ತಹಷ್ ಪ್ರಾಣಿಯೇ ಅಲ್ಲವಷ್ಟೆ. ಆ ಪುಸ್ತಕ ಬರೆದವರ ಮೇಲೆ ನನಗೆ ಇದ್ದಕ್ಕಿದ್ದಂತೆ ಗೌರವ ಹುಟ್ಟಿತು. ಆಮೇಲೆ ಚೀಟಿಯನ್ನು ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದೆ. ಹೆಸರು: ತಹಷ್. ಪ್ರಾಣಿ: ಗೊತ್ತಿಲ್ಲ. ಹದ: ಗೊತ್ತಿಲ್ಲ. ಒಮ್ಮೆ ಬರೆದ ಮೇಲೆ ಎರಡನೆಯ ಸಲಕ್ಕೆ ಅಷ್ಟು ಕಷ್ಟವಾಗಲಿಲ್ಲ. ಜೆಸ್ಸಿಗೆ ಮುಂದಿನ ವಾಕ್ಯವನ್ನು ಹೇಳಿಕೊಟ್ಟೆ. ಅವಳು ತನ್ನದೊಂದು ವಾಕ್ಯವನ್ನು ಅದಕ್ಕೆ ಸೇರಿಸಿಕೊಂಡದ್ದು ನನಗೆ ತಿಳಿದಿರಲಿಲ್ಲ.

ಭಾನುವಾರ ಎರಡೂ ಸಭೆಯವರು ಸೇರಿ ಚರ್ಚಿನ ಹಾಲ್ ತುಂಬಿತ್ತು. ಜೆಸ್ಸಿ ಗುಡಾರದ ಪಕ್ಕ ನಿಂತು, ಗೆಳತಿಯರಿಬ್ಬರನ್ನು ಒಮ್ಮೆ ನೋಡಿ, ಹೊದಿಕೆಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತ ಹೇಳಿದಳು. ನಾರುಬಟ್ಟೆ, ಮೇಕೆಯ ಕೂದಲು, ಕೆಂಪು ಟಗರು, ಎಲ್ಲವೂ ಸರಿಯಾಗಿ ಬಂತು. ನಾಲ್ಕನೆಯದಕ್ಕೆ ಬಂದಳು.

“ಇದು ತಹಷ್. ಯಾವ ಪ್ರಾಣಿ ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ತಾತ ಮೂವತ್ಮೂರು ವರ್ಷ ತೋಲು ನೋಡಿದವರು. ಅವರಿಗೂ ಗೊತ್ತಿಲ್ಲ.”

ಇಡೀ ಸಭೆ ನಕ್ಕಿತು. ಆದರೆ ಈ ಸಲ ಅವಳನ್ನು ನೋಡಿ ನಗಲಿಲ್ಲ, ನನ್ನನ್ನು ನೋಡಿ ನಕ್ಕರು. ಅವಳಿಗೆ ಚಪ್ಪಾಳೆ ತಟ್ಟಿದರು. ಇಡೀ ವಿವರಣೆಯಲ್ಲಿ ‘ತೋಲು’ ಒಂದೇ ತಮಿಳು. ನಾನು ದೋಷದ ಕಾಲಮ್ಮಿನಲ್ಲಿ ಅದನ್ನು ಹಾಕಲಿಲ್ಲ.

ತಮಿಳು ಸಭೆಯ ಹಿರಿಯರೊಬ್ಬರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಹತ್ತಿರ ಬಂದು ನಾಲ್ಕನೆಯ ಹೊದಿಕೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಒರಿಜಿನಲ್ ಚರ್ಮ ಎಂದರೆ ಕೈಯಿಟ್ಟ ತಕ್ಷಣ ಗೊತ್ತಾಗುತ್ತದೆ, ಇಂಥದು ಈಗ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನಾನು ಬಾಯಿ ತೆರೆದೆ. ಪಕ್ಕದಲ್ಲಿ ಸುಗುಣ ಮಕ್ಕಳಿಗೆ ನೀರು ಕೊಡಲು ಜಗ್ಗು ಹಿಡಿದು ನಿಂತಿದ್ದಳು. ನಾನು ಜಗ್ಗನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಆ ಪ್ರಾಣಿ ಒಂದೇ ಕೆಲಸಕ್ಕೆಂದು ಬಂದು ಮರೆಯಾಯಿತು, ಈಗ ಎಲ್ಲಿಯೂ ಸಿಗುವುದಿಲ್ಲ ಎಂದೆ. ಅವರು ಗೌರವದಿಂದ ತಲೆಯಾಡಿಸಿ, ಕೈ ತೆಗೆದರು.

ಒಂದು ಬದಿಯಿಲ್ಲದ ಬ್ಯಾಗು ಈಗಲೂ ಬೀರುವಿನ ಮೇಲಿನ ಅರೆಯಲ್ಲೇ ಇದೆ. ನಿವೃತ್ತನಾದ ದಿನ ಬಂದರೆ ಇಳಿಸುತ್ತೇನೆ, ನೆರಳಲ್ಲಿ ಒಂದು ಗಂಟೆ ಇಡುತ್ತೇನೆ. ಕ್ರೀಮನ್ನು ಈಗ ಬ್ಯಾಗಿನ ಮೈಗೆ ಹಚ್ಚುವುದಿಲ್ಲ, ಹಿಡಿಗೆ ಮಾತ್ರ. ಹಿಡಿ ಅಪ್ಪಟ ಮೇಕೆಯ ಚರ್ಮ. ರಂಧ್ರಗಳು ಗುಂಪುಗುಂಪಾಗಿರುವುದು ಕನ್ನಡಕ ಹಾಕದೆಯೂ ನನಗೆ ಕಾಣುತ್ತದೆ. ಹೋದ ಸಲ ಸುಗುಣ ಪಕ್ಕದಲ್ಲಿ ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದಳು. ಬಾಯಾರಿಕೆಯಾಗಿತ್ತು. ಕುಡಿದುಬಿಟ್ಟೆ.